ನೆಲಕ್ಕೆ ಹೋದ ಸುತ್ತು

ನಾನು ಒಂದು ತಿರುಗುವ ಸ್ಟೂಲು. ಹುಬ್ಬಳ್ಳಿಯ ಲೇತ್ ಅಂಗಡಿಯೊಂದರಲ್ಲಿ, ಹಳೆಯ ಲಾರಿಯ ಚಕ್ರದ ಬೇರಿಂಗನ್ನು ಸಾಗವಾನಿ ಹಲಗೆಯ ಕೆಳಗೆ ಕೂಡಿಸಿ ದಸ್ತಗೀರಸಾಬ ನನ್ನನ್ನು ಮಾಡಿದ. ಬೆರಳಿನಿಂದ ಒಮ್ಮೆ ನೂಕಿ, "ನೀವು ಚಾ ಕುಡದ್ ಬರೂತನಾ ತಿರಗತೈತಿ ನೋಡ್ರಿ," ಎಂದು ಗದಗಿನ ಹಡಪದ ರುದ್ರಪ್ಪನಿಗೆ ಒಪ್ಪಿಸಿದ.

ರುದ್ರಪ್ಪನ ಕ್ಷೌರದಂಗಡಿಯಲ್ಲಿ ನಾನು ತಲೆಗಳನ್ನು ಬೆಳಕಿನ ಕಡೆಗೆ ತಿರುಗಿಸಿದೆ. ಮಕ್ಕಳು ಮಾತ್ರ ಸರದಿ ಬರುವ ಮೊದಲೇ ಹತ್ತಿ ಕೂತು, ಕಾಲು ಚಾಚಿ ಸುತ್ತಿ, ಥಟ್ಟನೆ ಮಡಚುತ್ತಿದ್ದರು. ಯಾರೂ ನೂಕದೆ ವೇಗ ಏರುತ್ತಿತ್ತು. "ಕಾಲ್ ಮಡಚಬ್ಯಾಡ್ರಲೇ, ಹಲ್ಲು ಉದುರಿಸ್ಕೊಂಡು ನನ್ನ ಹೆಸರು ಹೇಳೀರಿ!" ಎಂದು ರುದ್ರಪ್ಪ ಬಾಚಣಿಗೆ ಬೀಸುತ್ತಿದ್ದ.

ಅವನ ಅಂಗಡಿಗೆ ಮೆತ್ತನೆಯ ಕುರ್ಚಿ ಬಂದಾಗ ನಾನು ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯ ಸೇರಿದೆ. ಆ ಮಕ್ಕಳ ಆಟದ ಹಿಂದೆ ಕೋನೀಯ ಸಂವೇಗದ ಸಂರಕ್ಷಣೆ ಎಂಬ ನಿಯಮವಿದೆ, ಸುತ್ತು ಎಂದೂ ಕಳೆದುಹೋಗುವುದಿಲ್ಲ ಎಂದು ತಿಳಿದದ್ದು ಅಲ್ಲಿ, ನೀಲಾಂಬಿಕಾ ಮೇಡಂ ಬಾಯಿಂದ. ಆಕೆ ತಾತ್ಕಾಲಿಕ ಉಪನ್ಯಾಸಕಿ. ಆಯ್ಕೆ ಸಮಿತಿಯ ಮುಂದೆ ಒಂದು ಪಾಠ ಮಾಡಬೇಕಿತ್ತು. ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಆಕೆ ನನ್ನನ್ನು ನಂಬಿದ್ದಳು.

ಪಾಠ ಇದ್ದದ್ದು ದಸರಾ ರಜೆ ಮುಗಿದ ಮೊದಲ ದಿನ. ರಜೆಗೆ ಮುಂಚೆ ಅಟೆಂಡರ್ ಸಂಗಪ್ಪ ಎಲ್ಲ ಉಪಕರಣಗಳಿಗೂ ಆಯುಧಪೂಜೆ ಮಾಡಿದ್ದ. ನನ್ನ ಮೇಲೆ ಅವನಿಗೆ ಪ್ರೀತಿ ಹೆಚ್ಚು. ತಿರುಗುವ ಜಾಗವೇ ನನ್ನ ಜೀವವೆಂದು ಬೇರಿಂಗಿಗೇ ವಿಭೂತಿ, ಕುಂಕುಮ ಹಿಡಿಗಟ್ಟಲೆ ಮೆತ್ತಿದ್ದ. ಎಣ್ಣೆಯಲ್ಲಿ ಕಲೆತು ಅದು ಗಟ್ಟಿಯಾಗಿತ್ತು.

ಕಿರಾಣಿ ಅಂಗಡಿಯಿಂದ ತಂದ ಎರಡು ತೂಕದ ಕಲ್ಲು ಹಿಡಿದು ಮೇಡಂ ತೋಳು ಚಾಚಿ ಕೂತಳು. ವಿದ್ಯಾರ್ಥಿಯೊಬ್ಬ ನೂಕಿದ. ಆಕೆ ಕಲ್ಲುಗಳನ್ನು ಎದೆಗೆ ಎಳೆದುಕೊಂಡಳು. ಒಂದು ಸುತ್ತು ರಭಸ ಬಂತು. ಆಮೇಲೆ ನಾನು ಗರಗರ ನರಳಿ ನಿಂತೇಬಿಟ್ಟೆ, ಆಕೆಯ ಬೆನ್ನು ಸಮಿತಿಯ ಕಡೆಗಿರುವಂತೆ.

"ಮೇಡಮ್ಮಾರ, ನಿಮ್ಮ ನಿಯಮ ನಿಂತ ಹೋತಲ್ರೀ!" ಎಂದರು ಸಮಿತಿಯ ಹಿರಿಯರು. ಎಲ್ಲರೂ ನಕ್ಕರು.

ಆಕೆ ಕಲ್ಲುಗಳನ್ನು ಮಡಿಲಲ್ಲಿಟ್ಟುಕೊಂಡಳು. ಗೋಡೆಯ ಕಡೆ ಮುಖವಿಟ್ಟುಕೊಂಡೇ ಹೇಳಿದಳು: "ನಿಯಮ ನಿಂತಿಲ್ರಿ ಸರ್. ನೂಕಿದಾಂವ ನೆಲ ಒದ್ದು ನೂಕಿದ, ಆ ಸುತ್ತು ನೆಲದಿಂದ ಬಂದದ್ದು. ಬೇರಿಂಗ್ ಹಿಡಕೊಂಡಿತು, ತಿರುಗಿ ನೆಲಕ್ಕ ಹೋತು. ಕಳದಿಲ್ಲ."

"ಹಂಗಾರ ಭೂಮಿ ತಿರಗಿದ್ದು ನಮಗ್ಯಾಕ ಕಾಣಲಿಲ್ಲ?"

"ಭೂಮಿ ಭಾಳ ದೊಡ್ಡದ್ರಿ ಸರ್. ತೋರಿಸ್ಕೊಳ್ಳೂದಿಲ್ಲ."

ಯಾರೂ ನಗಲಿಲ್ಲ. ಆದರೆ ಕೆಲಸವೂ ಆಕೆಗೆ ಸಿಗಲಿಲ್ಲ.

ಹೊರಡುವ ದಿನ ಆಕೆ ಸೀಮೆಎಣ್ಣೆಯಲ್ಲಿ ನನ್ನ ಬೇರಿಂಗ್ ತೊಳೆಯುತ್ತಿದ್ದಾಗ ಸಂಗಪ್ಪ ಬಾಗಿಲಲ್ಲೇ ನಿಂತಿದ್ದ. "ನನ್ನ ಕೈ ಸುಡಲಿ ಅಕ್ಕಾರ," ಎಂದ.

"ಸುಡೂದು ಬ್ಯಾಡ. ಮುಂದಿನ ವರ್ಷ ಕುಂಕುಮ ಹಲಗೀಗೆ ಹಚ್ಚು," ಎಂದು ನಕ್ಕು, ನನ್ನನ್ನು ಒಮ್ಮೆ ನೂಕಿ, ಹಿಂತಿರುಗಿ ನೋಡದೆ ಹೋದಳು. ಆಕೆ ಗೇಟು ದಾಟಿದಾಗಲೂ ನಾನು ತಿರುಗುತ್ತಿದ್ದೆ.

ಸಂಗಪ್ಪ ನಿವೃತ್ತನಾಗುವವರೆಗೆ ಪ್ರತಿವರ್ಷ ಹಲಗೆಗೆ ಒಂದೇ ಬೊಟ್ಟು ಇಟ್ಟ. ಈಗ ನಾನು ಉಗ್ರಾಣದ ಮೂಲೆಯಲ್ಲಿ, ಒಡೆದ ಬೀಕರುಗಳ ನಡುವೆ ತುಕ್ಕು ಹಿಡಿದು ನಿಂತಿದ್ದೇನೆ. ಆಕೆ ಕೊನೆಯ ಸಲ ಕೊಟ್ಟ ಸುತ್ತು ಕೂಡ ನೆಲಕ್ಕೇ ಹೋಗಿದೆ. ಆಕೆ ಈಗ ಯಾವ ಊರಲ್ಲಿ, ಯಾರಿಗೆ ಪಾಠ ಹೇಳುತ್ತಿದ್ದಾಳೋ ನನಗೆ ಗೊತ್ತಿಲ್ಲ. ಎಲ್ಲೇ ಇರಲಿ, ಆಕೆ ನಿಂತಿರುವುದೂ ಆ ಸುತ್ತು ಸೇರಿದ ಇದೇ ನೆಲದ ಮೇಲೆ.