ಉದ್ದದ ಕೇಬಲ್

ನಮ್ಮ ಪ್ರಯೋಗಾಲಯದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಅಳತೆ ಪೂರ್ತಿ ಮುಗಿಯುವ ತನಕ ಎರಡು ಕೋಣೆಗಳ ಅಂಕಿಗಳನ್ನು ಯಾರೂ ಅಕ್ಕಪಕ್ಕ ಇಟ್ಟು ನೋಡುವಂತಿಲ್ಲ. ಮಹಡಿಯ ಆ ತುದಿಗೊಂದು ಕೋಣೆ, ಈ ತುದಿಗೊಂದು. ನಡುವಿನ ಮೇಜಿನಿಂದ ಬೆಳಕಿನ ಕಣಗಳು ಜೋಡಿಯಾಗಿ ಹೊರಟು ಒಂದು ಅತ್ತ, ಇನ್ನೊಂದು ಇತ್ತ ಹೋಗುತ್ತವೆ. ಒಂದೇ ಕೋಣೆಯ ಅಂಕಿ ನೋಡಿದರೆ ತಲೆಬುಡ ತಿಳಿಯದು. ಕಣಗಳು ಬಂದ ಹೊತ್ತು ನೋಡಿ ಎರಡನ್ನೂ ಜೋಡಿಸಿದಾಗಲೇ ಹೊಂದಿಕೆ ಕಾಣುವುದು.

ಆ ಹೊಂದಿಕೆ ಒಂದು ಮಿತಿಯೊಳಗಿದ್ದರೆ ನಮ್ಮ ಮೇಷ್ಟ್ರು ಗೆದ್ದ ಹಾಗೆ. ಅಳೆಯುವ ಮೊದಲೇ ಕಣಕ್ಕೆ ತನ್ನದೇ ಗುಣವಿರುತ್ತದೆ, ಬೆಳಕಿಗಿಂತ ಬೇಗ ಯಾವ ಪ್ರಭಾವವೂ ಓಡುವುದಿಲ್ಲ ಎಂದು ಜೀವಮಾನವಿಡೀ ನಂಬಿದವರು ಅವರು. ಮಿತಿ ದಾಟಿದರೆ ಈ ಎರಡು ನಂಬಿಕೆ ಒಟ್ಟಿಗೆ ಉಳಿಯುವುದಿಲ್ಲ. ಬೇರೆಯವರ ಪ್ರಯೋಗಗಳಲ್ಲೆಲ್ಲ ದಾಟಿತ್ತು. ಮೇಷ್ಟ್ರು ಪ್ರತಿಯೊಂದರಲ್ಲೂ ಹುಳುಕು ಹುಡುಕಿ, ಹುಳುಕಿಲ್ಲದ್ದೊಂದನ್ನು ಮಾಡೆಂದು ತಮ್ಮ ವಿದ್ಯಾರ್ಥಿನಿಯಾದ ನನಗೆ ವಹಿಸಿದ್ದರು. ತಿಂಗಳ ಕೊನೆಗೆ ಅವರ ನಿವೃತ್ತಿ.

ಅಳತೆ ಮುಗಿಯಿತು, ಅಂಕಿಗಳನ್ನು ಜೋಡಿಸಿದೆವು. ಮಿತಿಯೊಳಗೇ ಇತ್ತು. ಇಡೀ ವಿಭಾಗ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ನಾನಂತೂ ಕುಣಿದಾಡಿದೆ, ಪ್ರಬಂಧ ಬರೆದೂ ಬಿಟ್ಟೆ. ಗೆದ್ದ ಮೇಷ್ಟ್ರು ಮಾತ್ರ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಕೂತಿದ್ದರು.

ಮರುದಿನ ನನ್ನ ಮೇಜಿನ ಹತ್ತಿರ ಬಂದರು.

"ಕಾರಿಡಾರಿಗೆ ಬಣ್ಣ ಹೊಡೆಸುವಾಗ ಆ ಕಡೆ ಕೋಣೆಯಿಂದ ಬರೋ ಕೇಬಲ್ ತೆಗೆಸಿ ಉದ್ದದ್ದು ಹಾಕಿಸಿದ್ದೆ. ನಿನಗೆ ಹೇಳೋದೇ ಮರೆತೆ."

ಉದ್ದದ ಕೇಬಲ್ಲಿನಲ್ಲಿ ಸಂಕೇತ ತಡವಾಗಿ ಬರುತ್ತದೆ. ನಾನು ಹಳೆಯ ಕೇಬಲ್ಲಿನ ಹೊತ್ತನ್ನೇ ಹಿಡಿದು ಜೋಡಿಸಿದ್ದೆ. ಈ ಮದುವೆಯ ಹೆಣ್ಣಿಗೆ ಪಕ್ಕದ ಮದುವೆಯ ಗಂಡನ್ನು ಗಂಟು ಹಾಕಿದ ಹಾಗೆ, ಎಷ್ಟೋ ಜೋಡಿಗಳು ಅದಲುಬದಲಾಗಿ ಹೊಂದಿಕೆ ಕುಗ್ಗಿತ್ತು.

"ನೀವು ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಸರ್."

"ಯಾರಿಗೂ ಗೊತ್ತಾಗಲಿಲ್ಲ ಅಂತ ಕೇಬಲ್ ಗಿಡ್ಡ ಆಗುತ್ತೇನಮ್ಮ? ಸರಿ ಮಾಡು."

ಸರಿ ಮಾಡಿದೆ. ಹೊಂದಿಕೆ ಮಿತಿಯನ್ನು ಸಲೀಸಾಗಿ ದಾಟಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಅಂಕಿ ಬದಲಾಗಲಿಲ್ಲ.

ನನಗೆ ಅಳು ಒತ್ತಿ ಬಂತು. ಹಳೆಯ ಪ್ರಬಂಧ ಹೊರಗೆ ಹೋಗಿದ್ದರೆ ನಾನು ಶುರುವಿನಲ್ಲೇ ನಗೆಪಾಟಲಾಗುತ್ತಿದ್ದೆ. ಅದನ್ನು ತಪ್ಪಿಸಲು ಅವರು ತಮ್ಮ ಗೆಲುವನ್ನು ತಾವೇ ಕೆಡವಿಕೊಂಡಿದ್ದರು. ಥ್ಯಾಂಕ್ಸ್ ಸರ್ ಎಂದೆ, ಆ ಮಾತು ಯಾವ ಮೂಲೆಗೂ ಸಾಲಲಿಲ್ಲ.

"ನಿಮ್ಮ ಎರಡು ನಂಬಿಕೇಲಿ ಯಾವುದನ್ನ ಬಿಡ್ತೀರಿ, ಸರ್?"

"ಗೊತ್ತಿಲ್ಲ. ಮುಂದಿನ ತಿಂಗಳಿಂದ ಪುರುಸೊತ್ತೇ ಪುರುಸೊತ್ತು, ಮೊದಲಿಂದ ಕಲೀಬೇಕು. ನಾನು ಬಂದ್ರೆ ಹೇಳಿಕೊಡ್ತೀಯಾ?"

ನಾನು ಎದ್ದು ನನ್ನ ಕುರ್ಚಿಯನ್ನು ಅವರ ಕಡೆ ಸರಿಸಿದೆ.