ಸ್ಯೂನಿಕ್ ಬೆಟ್ಟದ ರೊಟ್ಟಿ

"ಕೈ ತೆಗಿ! ಆ ಟಬ್ಬಿಂದ ಕೈ ತೆಗಿ ಅಂದೆ! ಯಾರೇ ನಿಂಗೆ ಹಿಟ್ಟು ಮುಟ್ಟು ಅಂದೋರು?"

ಮೈಥಿಲಿ ಮೇಡಂ ಬಾಗಿಲಲ್ಲೇ ನಿಂತು ಕಿರುಚಿದರು. ಕಾರಿನ ಕೀ ಇನ್ನೂ ಕೈಯಲ್ಲೇ ಇತ್ತು. ನನ್ನ ಎರಡೂ ಕೈ ಮೊಣಕೈವರೆಗೆ ಹಿಟ್ಟಿನಲ್ಲಿದ್ದವು. ತೆಗೆ ಎಂದ ತಕ್ಷಣ ತೆಗೆಯಲು ಅದೇನು ನೀರೇ? ಅಂಟಿದ ಹಿಟ್ಟು ಅಂಟಿಕೊಂಡೇ ಬಂತು.

"ಬಾಯಲ್ಲೇನು ಇಟ್ಕೊಂಡಿದೀಯ ಜವರಮ್ಮ? ಮಾತಾಡೇ!"

"ಹಸ್ಮಿಕ್‌ಗೆ ಭುಜ ಎತ್ತಕ್ಕಾಯ್ತಾ ಇಲ್ಲ ಕಣ್ರವ್ವ. ಮೂರು ಟಬ್ಬು ಅವಳೇ ನಾದವ್ಳೆ. ಇದೊಂದು ನಾನು ನಾದ್ದೆ."

"ನಿನ್ ಕೆಲ್ಸ ಟ್ರೇ ತೊಳೆಯೋದು, ನೆಲ ಒರೆಸೋದು. ನಿಮ್ಮೋರ ಕೈದು ಅಂತ ಗೊತ್ತಾದ್ರೆ ಯಾರು ತಿಂತಾರೆ?"

ನಮ್ಮೋರು ಎಂದರೆ ಹೊಲಗೇರಿಯವರು. ಊರು ಯಾವುದು, ಅಪ್ಪನ ಹೆಸರೇನು, ಊರಲ್ಲಿ ಮನೆ ಯಾವ ಕಡೆ ಎಂದು ನಗುನಗುತ್ತಲೇ ಕೇಳಿ ಮೇಡಂ ನನ್ನ ಜಾತಿ ಹಿಡಿದಿದ್ದರು. ಮಂಡ್ಯದಿಂದ ಇಲ್ಲಿಯವರೆಗೆ ವಿಮಾನದಲ್ಲಿ ಬಂದರೂ ಅದು ನನ್ನ ಜೊತೆಯಲ್ಲೇ ಬಂದಿತ್ತು. ಅಂದಿನಿಂದ ನನಗೆ ಪೇಪರ್ ಲೋಟದಲ್ಲಿ ಕಾಫಿ. ಕುಡಿದ ಮೇಲೆ ಲೋಟವನ್ನು ನಾನೇ ಕಸಕ್ಕೆ ಹಾಕಬೇಕು.

ಬಾಣಂತನಕ್ಕೆಂದು ನನ್ನನ್ನು ಕರೆತಂದ ಮನೆಯವರು, ಮಗು ಡೇಕೇರಿಗೆ ಹೋದ ಮೇಲೆ ನನ್ನನ್ನು ಹಳೇ ಸೋಫಾದ ಹಾಗೆ ಈ ಮೇಡಂಗೆ ದಾಟಿಸಿದರು. ನೆವಾರ್ಕಿನ ಗೋಡೌನುಗಳ ಸಾಲಿನಲ್ಲಿ ಇವರ ರೊಟ್ಟಿ ಅಡುಗೆಮನೆ. ನನ್ನ ವೀಸಾ ಯಾವಾಗಲೋ ಮುಗಿದಿದೆ. ನಾನು ಮಲಗುವುದು ಮೈದಾ ಮೂಟೆಗಳ ಹಿಂದೆ.

ಹಸ್ಮಿಕ್ ಅರ್ಮೇನಿಯಾದವಳು. ತಂದೂರಿ ಒಲೆಯ ಗೋಡೆಗೆ ತೆಳ್ಳನೆಯ ರೊಟ್ಟಿ ಬಡಿಯುವುದರಲ್ಲಿ ಅವಳ ಸಮ ಯಾರೂ ಇಲ್ಲ. ಅವಳ ಸೀಮೆಯ ಹೆಸರು ಸ್ಯೂನಿಕ್. ಆ ಹೆಸರನ್ನೇ ಮೇಡಂ ಗಂಡ ವ್ಯಾಸರಾಜ ಸಾರ್ ಪ್ಯಾಕೆಟ್ಟಿನ ಮೇಲೆ ಹಾಕಿಸಿದ್ದಾರೆ. ಹಿಮದ ಬೆಟ್ಟ, ಅದರ ಕೆಳಗೆ ನಗುವ ಹಸ್ಮಿಕ್. ಅವಳು ಅಷ್ಟು ನಕ್ಕಿದ್ದನ್ನು ನಾನಂತೂ ನೋಡಿಲ್ಲ.

ಅಷ್ಟರಲ್ಲಿ ಸಾರ್ ಒಳಗೆ ಬಂದರು.

"ಏನ್ ಗಲಾಟೆ ಇದು? ವಿಭಾ ಡಾಕ್ಟರ್ ಪಾರ್ಕಿಂಗಲ್ಲಿದಾರೆ. ಮಗಳ ಮದ್ವೆ ಆರ್ಡರ್ ಕೊಡೋಕೆ ಸರಟೋಗಾದಿಂದ ಬಂದಿದಾರೆ!"

ನಾನು ಹಿಟ್ಟು ಮುಟ್ಟಿದ್ದನ್ನು ಮೇಡಂ ಹೇಳಿದರು. ಸಾರ್ ನನ್ನ ಮುಖ ನೋಡಲಿಲ್ಲ, ಟಬ್ಬು ನೋಡಿದರು.

"ಇದೊಂದು ತಾನೇ? ಜವರಮ್ಮ, ನೀನೇ ಎತ್ಕೊಂಡೋಗಿ ಹೊರಗಿನ್ ಕಸದ ಡಂಪ್‌ಸ್ಟರ್‌ಗೆ ಸುರಿ. ಹಾಗೇ ಹಿಂದಿನ್ ಬಾಗಿಲಿಂದ ಹೊರಟ್ಬಿಡು. ಮತ್ತೆ ಈ ಕಡೆ ಬರ್ಬೇಡ."

"ಎಲ್ಲಿಗೋಗ್ಲಿ ಸಾ? ಇಲ್ಲಿ ನಂಗ್ಯಾರವ್ರೆ?"

"ಪೇಪರ್ಸ್ ಇಲ್ದೋಳು ನೀನು. ಕೂಗಾಡಿದ್ರೆ ಯಾರಿಗೆ ಕಷ್ಟ ಅಂತ ಗೊತ್ತಲ್ಲ?"

ಗೊತ್ತಿತ್ತು. ಟಬ್ಬು ಎತ್ತಿ ಸೊಂಟಕ್ಕಿಟ್ಟುಕೊಂಡೆ.

ಡಾಕ್ಟರಮ್ಮ ಇಬ್ಬರು ಗೆಳತಿಯರೊಡನೆ ಒಳಗೆ ಬಂದರು. ಮೇಡಂ ಮುಖಕ್ಕೆ ನಗು ಬಂತು. ಬುಟ್ಟಿಯಲ್ಲಿದ್ದ ನಿನ್ನೆಯ ರೊಟ್ಟಿ ಹರಿದು ಕೊಟ್ಟರು. ಸಾರ್ ಗೋಡೆಯ ಮೇಲಿನ ಪಟದ ಹತ್ತಿರ ನಿಂತರು.

"ಅರ್ಮೇನಿಯಾದ ದಕ್ಷಿಣದ ತುದಿ ಮೇಡಂ. ಒಂದ್ ಕಡೆ ಇರಾನ್ ಬಾರ್ಡರ್. ಎಲ್ಲಾ ಬೆಟ್ಟಾನೇ. ಶುದ್ಧ ಗಾಳಿ, ಶುದ್ಧ ನೀರು, ಏಪ್ರಿಕಾಟು, ವಾಲ್‌ನಟ್ಟು. ಆ ಜನಕ್ಕೆ ಚಿಂತೆ ಅನ್ನೋದೇ ಇಲ್ಲ."

"ಬ್ಯೂಟಿಫುಲ್ ಪ್ಲೇಸ್, ಅಲ್ವಾ?" ಎಂದು ಡಾಕ್ಟರಮ್ಮ ಹಸ್ಮಿಕ್‌ಳನ್ನು ಕೇಳಿದರು.

"ಕಾಪರ್," ಎಂದಳು ಹಸ್ಮಿಕ್. "ವೆರಿ ಬಿಗ್ ಹೋಲ್."

ಸಾರ್ ಜೋರಾಗಿ ನಕ್ಕು ಮಾತು ತೇಲಿಸಿದರು.

ಆ ಗುಂಡಿಯ ಕತೆ ನನಗೆ ಗೊತ್ತು. ಅವರೂರಿನ ಬೆಟ್ಟವನ್ನು ತಾಮ್ರಕ್ಕಾಗಿ ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರಂತೆ. ಅದಿರು ತೊಳೆದ ಕೆಸರನ್ನು ಕಣಿವೆಗೆ ಬಿಟ್ಟು, ದನ ಮೇಯುತ್ತಿದ್ದ ಹುಲ್ಲುಗಾವಲನ್ನೇ ಮುಚ್ಚಿದ್ದಾರಂತೆ. ಗಣಿ ಬಿಟ್ಟರೆ ಗಂಡಸರಿಗೆ ರಷ್ಯಾದ ಕೂಲಿ. ಹೆಂಗಸರು ಇರಾನಿಗೆ ಹೋಗುವ ಲಾರಿಗಳನ್ನು ಕಾಯುತ್ತಾ ರಸ್ತೆ ಬದಿಯಲ್ಲಿ ಒಣಹಣ್ಣು, ಹುರುಳಿಕಾಯಿ ಬೀಜ ಮಾರುತ್ತಾರೆ. ಹಸ್ಮಿಕ್‌ಳ ಗಂಡ ಗಣಿಯ ದೂಳು ಕುಡಿದು ಸತ್ತ. ಗಣಿಯ ಧಣಿ ಆ ಊರಿಗೆ ಕಾಲಿಟ್ಟವನೇ ಅಲ್ಲ. ಅವನನ್ನು ಬೈಯಲೆಂದೇ ಹಸ್ಮಿಕ್ ನನ್ನಿಂದ ಮೊದಲು ಕಲಿತ ಕನ್ನಡ 'ಬೋಳಿಮಗ'.

ಇನ್ನೊಂದು ಸಂಗತಿಯನ್ನೂ ಅವಳು ಹೇಳಿದ್ದಳು. ಅಲ್ಲಿ ದಿನವೂ ಕೊನೆಯ ಹಿಟ್ಟಿನಿಂದ ಒಂದು ಉಂಡೆ ತೆಗೆದಿಟ್ಟು ಮರುದಿನದ ಹಿಟ್ಟಿಗೆ ಸೇರಿಸುತ್ತಾರೆ. ರೊಟ್ಟಿಗೆ ಜೀವ ಬರುವುದು ಅದರಿಂದಲೇ. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿದಾಗ ಯಾರ ಮನೆಯ ಉಂಡೆ ಕೆಟ್ಟರೂ ನೆರೆಮನೆಯವರು ತಮ್ಮದರಲ್ಲಿ ಮುರಿದು ಕೊಡಬೇಕು. ಇಲ್ಲವೆಂದವರ ಮನೆಯ ಹೆಣಕ್ಕೂ ಯಾರೂ ಹೋಗುವುದಿಲ್ಲವಂತೆ. ನಮ್ಮೂರಲ್ಲಿ ಒಂದು ಚಮಚ ಹೆಪ್ಪಿಗೂ ನಾವು ಮೇಲಿನ ಕೇರಿಯ ಬಾಗಿಲಿಗೆ ಹೋಗುವಂತಿರಲಿಲ್ಲ. ಕೇಳಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತು.

ಮೇಡಂ ಕಣ್ಣಲ್ಲೇ ಹಿಂದಿನ ಬಾಗಿಲು ತೋರಿಸಿದರು. ನಾನು ನಡೆದೆ. ಹಸ್ಮಿಕ್ ಅಡ್ಡ ಬಂದಳು.

"ಅಕ್ಕ, ರೊಟ್ಟಿ ಎಸಿಬ್ಯಾಡ."

"ಹಸ್ಮಿಕ್, ಮೂವ್!" ಎಂದರು ಸಾರ್.

ಅವಳು ಕದಲಲಿಲ್ಲ. ಎತ್ತಲಾಗದ ಆ ಕೈಯನ್ನೇ ಹಲ್ಲು ಕಚ್ಚಿ ಎತ್ತಿ, ನನ್ನ ಟಬ್ಬಿನಿಂದ ಒಂದು ಉಂಡೆ ಹಿಟ್ಟು ಹರಿದು ನನ್ನ ಅಂಗೈಯಲ್ಲಿಟ್ಟಳು. ಮೇಜಿನ ಮೇಲಿದ್ದ ತನ್ನ ಮೂರು ಟಬ್ಬುಗಳ ಕಡೆ ನೋಡಿದಳು.

ಹೊರಗೆ ಹೋದರೆ ನನಗೆ ಮಲಗಲು ಜಾಗವಿರಲಿಲ್ಲ. ಒಳಗೆ ನನ್ನ ಕೈ ಅಂದರೆ ಹೇಸಿಗೆ. ಹೆದರಿಕೆ ಹೋಗಲಿಲ್ಲ, ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಟಬ್ಬನ್ನು ನೆಲಕ್ಕಿಟ್ಟು ಮೇಜಿನ ಹತ್ತಿರ ಹೋದೆ. ಉಂಡೆಯನ್ನು ಮೂರು ಭಾಗ ಮಾಡಿ ಒಂದೊಂದು ಟಬ್ಬಿಗೆ ಒಂದೊಂದು ಹಾಕಿ, ಮೊಣಕೈವರೆಗೆ ಕೈ ಇಳಿಸಿ ಮಿದ್ದೆ.

"ಅಯ್ಯೋ, ಎಲ್ಲಾ ಹಾಳ್ಮಾಡಿದ್ಳು ಮುಂಡೆ!" ಮೇಡಂಗೆ ಅತಿಥಿಗಳ ನೆನಪು ಹೋಯಿತು. "ಹೊಲೆ ಕೈ ಹಾಕ್ಬಿಟ್ಳಲ್ರೀ!"

ನಾನು ಕೈ ತೆಗೆಯದೆ ನಾದುತ್ತಲೇ ಇದ್ದೆ.

"ಎಸೀರವ್ವ," ಎಂದೆ. "ಈಗ ಎಲ್ಲಾನೂ ಎಸೀರಿ. ನಾನಂತೂ ಎಸೆಯಕ್ಕಿಲ್ಲ."

"ಪೊಲೀಸ್ ಕರೀತೀನಿ," ಎಂದು ಸಾರ್ ಫೋನು ತೆಗೆದರು.

"ಕರೀರಿ ಸಾ. ಮೂಟೆ ಹಿಂದ್ಗಡೆ ನನ್ ಹಾಸ್ಗೆ ಐತೆ, ಅದ್ನೂ ತೋರುಸ್ತೀನಿ."

ಫೋನು ಸಾರ್ ಕೈಯಲ್ಲೇ ಉಳಿಯಿತು. ನಾನು ಡಾಕ್ಟರಮ್ಮನ ಕಡೆ ತಿರುಗಿದೆ. ಅವರ ಬಾಯಲ್ಲಿ ರೊಟ್ಟಿ ಇತ್ತು.

"ನಿನ್ನೆ ದಿನಾನೂ ಇವಳ ಭುಜ ಏಳ್ಲಿಲ್ಲ ಕಣ್ರವ್ವ. ನಿಮ್ ಬಾಯಲ್ಲಿರೋ ರೊಟ್ಟೀನೂ ನಾನ್ ನಾದಿದ್ದೇ."

ಅವರ ದವಡೆ ನಿಂತಿತು. ನನ್ನ ಹಿಂದೆ ಹಸ್ಮಿಕ್ ತಂದೂರಿ ಒಲೆ ಹೊತ್ತಿಸಿದ ಸದ್ದು ಕೇಳಿತು. ಡಾಕ್ಟರಮ್ಮ ಉಳಿದ ಅರ್ಧ ರೊಟ್ಟಿಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ನುಂಗಲೂ ಇಲ್ಲ, ಉಗುಳಲೂ ಇಲ್ಲ.