ನನ್ನ ಮೂತಿ ಮುದುಡಿದ ದಿನ

ಟಕ್ ಎಂದು ಒಂದು ಸಣ್ಣ ಸದ್ದು. ಗದುಗಿನ ಆ ಓಣಿಯೆಲ್ಲ ಮಲಗಿದ್ದ ಹೊತ್ತು. ನನ್ನೊಳಗಿಂದ ಏನನ್ನೋ ಕಿತ್ತುಕೊಂಡ ಕೈಯೊಂದು ಬಾಗಿಲನ್ನು ಮೆಲ್ಲಗೆ ಒತ್ತಿ ಮುಚ್ಚಿತು. ಆಮೇಲೆ ಅದಕ್ಕಿಂತ ಎಷ್ಟೋ ದೊಡ್ಡ ಸದ್ದು ಕೇಳಿದ್ದೇನೆ. ಆದರೂ ಗುಜರಿಯ ಅಂಗಳದಲ್ಲಿ ನಿಂತಿರುವ ನನಗೆ ಮೊದಲು ನೆನಪಾಗುವುದು ಅದೇ.

ನಾನು ಒಂದು ಕಾರು. ಬೂದು ಬಣ್ಣ, ಭಾರವಾದ ಮೈ. ಬೆಸುಗೆಯ ಕಿಡಿಗಳ ನಡುವೆ ಹುಟ್ಟಿದೆ. ನಾನು ರಸ್ತೆಗಿಳಿಯುವ ಮೊದಲೇ ನನ್ನ ಅಣ್ಣನೊಬ್ಬನೊಳಗೆ ಬೊಂಬೆಗಳನ್ನು ಕೂರಿಸಿ, ಬೇಕೆಂದೇ ತಡೆಗೋಡೆಗೆ ಗುದ್ದಿಸಿದ್ದರಂತೆ. ಅವನ ಮೂತಿ ಮುದ್ದೆಯಾಯಿತು, ಬೊಂಬೆಗಳು ಉಳಿದವು. ಸುರಕ್ಷತೆಗೆಂದು ಅವನು ಗಳಿಸಿದ ಐದು ನಕ್ಷತ್ರಗಳೇ ನಮ್ಮ ಮನೆತನದ ಆಸ್ತಿ.

ಶೋರೂಮಿಗೆ ಬಂದ ವನಜಾಕ್ಷಿ ಬಣ್ಣ ನೋಡಲಿಲ್ಲ. ನನ್ನ ಬಾಗಿಲನ್ನು ತೆರೆದು ಮುಚ್ಚಿ ಆ ಗಟ್ಟಿ ಸದ್ದಿಗೆ ಕಿವಿಗೊಟ್ಟಳು. ಅಷ್ಟಕ್ಕೇ ಅವಳಿಗೆ ಸಮಾಧಾನವಾಗಲಿಲ್ಲ.

"ಬಾಗಲ ಸದ್ದು ಇರ್ಲಿ. ಗುದ್ದಿಸಿ ನೋಡಿದ್ದು ಏನಾತು, ಅದನ್ನ ಹೇಳ್ರಿ" ಎಂದಳು.

ಅವಳ ಗಂಡ ಈರಣ್ಣ ನಕ್ಕ. "ಮದಿವಿಗೆ ಹೋಗಾಕ ಕಾರ್ ತಗೊಳ್ಳಾಕತ್ತೀವೋ, ಯುದ್ಧಕ್ಕೋ? ಆ ಕೆಂಪು ಕಾರ್ ನೋಡು, ಎಣ್ಣಿ ಕುಡಿಯೂದು ಕಡಿಮಿ."

"ಎಣ್ಣಿ ಮತ್ತ ಹಾಕಸಬಹುದು. ಮಕ್ಕಳ್ನ?"

ಈರಣ್ಣ ನನ್ನ ಕಾಗದಗಳಿಗೇ ಸಹಿ ಹಾಕಿದ. ನಾನು ಅವರ ಮನೆ ಸೇರಿದೆ.

ಬೆಲ್ಟ್ ಹಾಕದವರನ್ನು ಕಂಡರೆ ಕಿಣಿಕಿಣಿ ಎನ್ನುವುದು ನನ್ನ ಸ್ವಭಾವ. ಈರಣ್ಣನಿಗೆ ಅದು ಕಿರಿಕಿರಿ. ಒಂದು ದಿನ ಅಂಗಡಿಯಿಂದ ಉಕ್ಕಿನ ಕೊಂಡಿಯೊಂದನ್ನು ತಂದು, ಬೆಲ್ಟ್ ಸಿಕ್ಕಿಸುವ ಜಾಗದಲ್ಲಿ ತುರುಕಿದ. ನನ್ನ ಬಾಯಿ ಕಟ್ಟಿತು. ಆ ಕೊಂಡಿಯ ಮೇಲೆ ನಂದಿಯ ಚಿತ್ರ ಬೇರೆ ಇತ್ತು! ಅವನ ತಾಯಿ ನೀಲವ್ವ ಪ್ರತಿ ಸೋಮವಾರ ಅದಕ್ಕೆ ವಿಭೂತಿ ಹಚ್ಚತೊಡಗಿದಳು.

"ಬೆಲ್ಟ್ ಹಾಕ್ಕೋರಿ" ಎಂದು ವನಜಾಕ್ಷಿ ಹೇಳಿದರೆ, "ಬಾಜೂಕ ದೇವ್ರ ಕುಂತಾನ, ನಿಂದೇನ ನಡುವ?" ಎಂದು ಅತ್ತೆ ಗದರುತ್ತಿದ್ದಳು. ಇಷ್ಟು ಗಟ್ಟಿ ಮೈಯಿದ್ದೂ ಬೆಲ್ಟಿಲ್ಲದವನನ್ನು ಹಿಡಿದಿಡಲು ನನ್ನಿಂದಾಗದು. ಅದು ನನಗೂ ಗೊತ್ತಿತ್ತು, ವನಜಾಕ್ಷಿಗೂ ಗೊತ್ತಿತ್ತು. ಪ್ರಯಾಣದುದ್ದಕ್ಕೂ ಅವಳ ಕಣ್ಣು ಗಂಡನ ಬೆಲ್ಟಿಲ್ಲದ ಎದೆಯ ಮೇಲೇ.

ಆ ರಾತ್ರಿ ಟಕ್ ಎಂದದ್ದು ಆ ಕೊಂಡಿಯೇ. ವನಜಾಕ್ಷಿ ಅದನ್ನು ಕಣ್ಣಿಗೊತ್ತಿಕೊಂಡು, ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗೆ ಇಟ್ಟುಕೊಂಡಳು.

ಮರುದಿನ ಎಲ್ಲರೂ ಹುಬ್ಬಳ್ಳಿಗೆ ಹೊರಟರು. ನಾನು ಮನಸಾರೆ ಕಿಣಿಕಿಣಿ ಎಂದೆ. ಈರಣ್ಣ ಸೀಟಿನಡಿ ತಡಕಿದ. "ಇಲಿ ಒಯ್ದಿರಬೇಕು" ಎಂದಳು ನೀಲವ್ವ. "ಉಕ್ಕ ತಿನ್ನೂ ಇಲಿ ಯಾವ್ದಬೇ?" ಎಂದು ಗೊಣಗುತ್ತ ಅವನು ಬೆಲ್ಟ್ ಎಳೆದುಕೊಂಡ.

ಅಣ್ಣಿಗೇರಿ ದಾಟಿದ ಮೇಲೆ ಹತ್ತಿ ತುಂಬಿದ ಟ್ರ್ಯಾಕ್ಟರೊಂದು ಹೊಲದಿಂದ ಏಕಾಏಕಿ ರಸ್ತೆಗೆ ನುಗ್ಗಿತು. ಬ್ರೇಕ್ ಒತ್ತಿದರೂ ಸಾಲದಾಯಿತು. ಆಗ ನಾನು ಕಲಿತದ್ದನ್ನು ಮಾಡಿದೆ. ಮೂತಿಯನ್ನು ಮಡಚಿಕೊಂಡು ಪೆಟ್ಟನ್ನೆಲ್ಲ ನುಂಗಿದೆ. ಗಾಳಿಚೀಲಗಳನ್ನು ಉಬ್ಬಿಸಿದೆ. ಬೆಲ್ಟುಗಳನ್ನು ಬಿಗಿಹಿಡಿದೆ. ಅವರು ಕುಳಿತಿದ್ದ ಜಾಗವನ್ನು ಮಾತ್ರ ಒಂದಿಷ್ಟೂ ಬಿಟ್ಟುಕೊಡಲಿಲ್ಲ.

"ಎಂಥಾ ಕಾರ್ರೀ ಇದು, ಹಪ್ಪಳ ಆಗೇತಿ!" ಎಂದರು ಓಡಿ ಬಂದವರು. ಅಷ್ಟರಲ್ಲಿ ನನ್ನ ನಾಲ್ಕೂ ಬಾಗಿಲು ತೆರೆದವು. ಮಕ್ಕಳು ಅಳುತ್ತ ಇಳಿದರು. ನೀಲವ್ವ ಇಳಿದಳು, ವನಜಾಕ್ಷಿ ಇಳಿದಳು. ಈರಣ್ಣ, ಎದೆಯ ಮೇಲೆ ಬೆಲ್ಟಿನ ಕೆಂಪು ಬರೆ ಹೊತ್ತು, ತಾನಾಗಿಯೇ ಇಳಿದ. ಆ ನಾಲ್ಕು ಬಾಗಿಲುಗಳೇ ನನ್ನ ಉತ್ತರ.

ನಾನು ಮತ್ತೆ ಓಡಲಾರೆ. ಇಲ್ಲಿ ನನ್ನ ಸುತ್ತ ಮಿರುಗುವ ಮೂತಿಯ ಮುದಿ ಕಾರುಗಳಿವೆ. ಅವುಗಳ ಮುಂದೆ ನನ್ನ ಮುದುಡಿದ ಮುಖಕ್ಕೆ ನಾಚಿಕೆಯಿಲ್ಲ.

ನಿನ್ನೆ ಆ ಮನೆಯವರೆಲ್ಲ ಬಂದು ನನ್ನ ಮುಂದೆ ಕಾಯಿ ಒಡೆದರು. ನೀಲವ್ವ ನನ್ನ ಮೈ ಸವರುತ್ತ, "ಬೆಲ್ಟ್ ಹಾಕ್ಕೊಳ್ಲಿ ಅಂತ ನಂದೀನ ಎದ್ದು ಹೋದ ನೋಡವ್ವಾ. ನನ್ನ ಮಗನ್ನ ಉಳಿಸಿದ" ಎಂದು ಕಣ್ಣೊರೆಸಿಕೊಂಡಳು.

ವನಜಾಕ್ಷಿಯ ಕೈ ಚೀಲದೊಳಗಿನ ಕರವಸ್ತ್ರದ ಗಂಟನ್ನು ಮುಟ್ಟಿತು. ಬಾಯಿ ತೆರೆದವಳು ಗಂಡನ ಕಡೆ ನೋಡಿದಳು. ಊರಿಂದ ತಂದಿದ್ದ ಬಾಡಿಗೆ ಕಾರಿನಲ್ಲಿ ಅವನು ಆಗಲೇ ಕುಳಿತು, ಯಾರೂ ಹೇಳದೆ, ಬೆಲ್ಟ್ ಎಳೆದುಕೊಳ್ಳುತ್ತಿದ್ದ.

"ಹೌದ್ರಿ ಅತ್ತಿ, ನಂದೀನ" ಎಂದಳು. ಚೀಲದ ಬಾಯಿ ಎಳೆದು ಮುಚ್ಚಿದಳು. ಇನ್ನು ಅವಳು ಯಾರಿಗೂ ಹೇಳುವುದಿಲ್ಲ.